ಫುಟ್ಬಾಲ್ ಟೀಮಿಗೆ ‘ಬುಧವಾರ’ ಅಂತ ಹೆಸರು ಯಾಕೆ?

ಪ್ರಶ್ನೆ: ಇಂಗ್ಲೆಂಡಿನಲ್ಲಿ ಶೆಫೀಲ್ಡ್ ವೆನ್ಸ್‌ಡೇ ಅಂತ ಒಂದು ಫುಟ್ಬಾಲ್ ಕ್ಲಬ್ ಇದೆಯಲ್ಲ. ಊರಿನ ಹೆಸರು ಸರಿ, ಅದರ ಪಕ್ಕ ವಾರದ ಹೆಸರು ಯಾಕೆ? ಅವರು ಬುಧವಾರ ಮಾತ್ರ ಆಡ್ತಾರಾ?

ಉತ್ತರ: ಇಲ್ಲ, ಬೇರೆ ಟೀಮುಗಳ ಹಾಗೆ ಅವರೂ ಹೆಚ್ಚಾಗಿ ಶನಿವಾರವೇ ಆಡುತ್ತಾರೆ. ಬುಧವಾರ ಆಡುತ್ತಿದ್ದವರು ಬೇರೆ. ಅವರು ಆಡುತ್ತಿದ್ದದ್ದು ಫುಟ್ಬಾಲೂ ಅಲ್ಲ, ಕ್ರಿಕೆಟ್.

1820ರಲ್ಲಿ ಶೆಫೀಲ್ಡಿನಲ್ಲಿ ಒಂದು ಕ್ರಿಕೆಟ್ ಕ್ಲಬ್ ಶುರುವಾಯಿತು. ಅದರ ಸದಸ್ಯರಿಗೆ ಬುಧವಾರ ಅರ್ಧ ದಿನ ರಜೆ. ಆ ಮಧ್ಯಾಹ್ನ ಮೈದಾನಕ್ಕೆ ಬರುತ್ತಿದ್ದರು. ಹಾಗಾಗಿ ಕ್ಲಬ್ಬಿಗೆ ‘ದಿ ವೆನ್ಸ್‌ಡೇ’ ಅಂತಲೇ ಹೆಸರಾಯಿತು. ಶನಿವಾರ ಸಂತೆ ಸೇರುತ್ತಿದ್ದ ನಮ್ಮ ಕೊಡಗಿನ ಊರಿಗೆ ಶನಿವಾರಸಂತೆ ಅಂತ ಹೆಸರು ನಿಂತಿಲ್ಲವಾ, ಹಾಗೆ. ಶೆಫೀಲ್ಡಿನಲ್ಲಿ ಇದೇನೂ ವಿಚಿತ್ರವಾಗಿರಲಿಲ್ಲ. ಅಲ್ಲೇ ‘ಥರ್ಸ್‌ಡೇ ವಾಂಡರರ್ಸ್’ ಅಂತ ಗುರುವಾರದ ಟೀಮೂ ಇತ್ತು. ಅದು ಮಾಯವಾಯಿತು, ಬುಧವಾರ ಉಳಿಯಿತು.

ವಾರದ ನಡುವೆ ಆಡೋಕೆ ಪುರುಸೊತ್ತು ಹೇಗೆ ಸಿಗುತ್ತಿತ್ತು ಅಂತ ಕೇಳಬಹುದು. ಶೆಫೀಲ್ಡ್ ಅಂದರೆ ಚಾಕು, ಕತ್ತರಿ, ರೇಜರ್‌ಗಳ ಊರು. ಅಲ್ಲಿ ‘ಲಿಟ್ಲ್ ಮೆಸ್ಟರ್’ ಅನ್ನುವ ಕಸುಬುದಾರರು ಇದ್ದರು. ದೊಡ್ಡ ಕಟ್ಟಡದಲ್ಲಿ ಒಂದು ಮೂಲೆಯನ್ನು ಬಾಡಿಗೆಗೆ ಹಿಡಿದು ಕೆಲಸ ಮಾಡುವವರು. ಒಬ್ಬ ಕಾಯಿಸಿ ಬಡಿಯುತ್ತಾನೆ, ಇನ್ನೊಬ್ಬ ಸಾಣೆ ಹಿಡಿಯುತ್ತಾನೆ, ಮತ್ತೊಬ್ಬ ಹಿಡಿ ಕೂರಿಸುತ್ತಾನೆ. ಎಷ್ಟು ಚಾಕು ಮಾಡಿದರೆ ಅಷ್ಟು ಕಾಸು. (ಈ ‘ಮೆಸ್ಟರ್’ ನಮ್ಮ ‘ಮೇಸ್ತ್ರಿ’ಗೆ ದೂರದ ನೆಂಟ. ಎರಡೂ ಒಂದೇ ಲ್ಯಾಟಿನ್ ಬೇರಿನಿಂದ ಬಂದವು. ನಮಗೆ ಪೋರ್ಚುಗೀಸರ ಕಡೆಯಿಂದ ಬಂತು.) ಇಂಥ ಕೆಲಸಗಾರರಿಗೆ ಮಿಲ್ಲಿನ ಗಂಟೆಯ ಕಾಟ ಇರಲಿಲ್ಲ. ಸೋಮವಾರ ಸುಮ್ನೆ ಕಳೆದು ವಾರದ ಕೊನೆಗೆ ರಾತ್ರಿ ಹಗಲು ದುಡಿಯುವುದು ಅಲ್ಲಿ ಮಾಮೂಲಿ. ಸಮಯ ಅವರ ಕೈಯಲ್ಲೇ ಇರುತ್ತಿತ್ತು. ಇಂಥ ಊರಿನಲ್ಲಿ ವಾರದ ನಡುವೆ ಆಟ ನಡೆದರೆ ಆಶ್ಚರ್ಯವೇನಿಲ್ಲ.

ಫುಟ್ಬಾಲ್ ಬಂದದ್ದು ಚಳಿಗಾಲದ ದೆಸೆಯಿಂದ. ಇಂಗ್ಲೆಂಡಿನಲ್ಲಿ ಕ್ರಿಕೆಟ್ ಬೇಸಿಗೆಯ ಆಟ. ಆಮೇಲೆ ಆರು ತಿಂಗಳು ಹುಡುಗರೆಲ್ಲ ಚೆಲ್ಲಾಪಿಲ್ಲಿ. ಅವರನ್ನು ಒಟ್ಟಿಗೆ ಹಿಡಿದಿಡುವುದು ಹೇಗೆ? 1867ರ ಸೆಪ್ಟೆಂಬರ್ 4ರ ಸಂಜೆ ಅಡೆಲ್ಫಿ ಅನ್ನುವ ಹೋಟೆಲಿನಲ್ಲಿ ಸಭೆ ಸೇರಿ, ಚಳಿಗಾಲಕ್ಕೆ ಫುಟ್ಬಾಲ್ ಆಡೋಣ ಅಂತ ತೀರ್ಮಾನ ಮಾಡಿದರು. ಕ್ಯಾಲೆಂಡರ್ ಲೆಕ್ಕ ಹಾಕಿ ನೋಡಿ, ಆ ದಿನವೂ ಬುಧವಾರವೇ! ಆ ಹೋಟೆಲ್ ಈಗಿಲ್ಲ. ಅದೇ ಜಾಗದಲ್ಲಿ ಕ್ರೂಸಿಬಲ್ ಥಿಯೇಟರ್ ಇದೆ. ಟಿವಿಯಲ್ಲಿ ಸ್ನೂಕರ್ ವಿಶ್ವ ಚಾಂಪಿಯನ್‌ಶಿಪ್ ನೋಡುವವರಿಗೆ ಆ ಹೆಸರು ಗೊತ್ತಿರುತ್ತದೆ.

ಆಟಕ್ಕೆ ಸರಿಯಾದ ಊರೇ ಅದು. ಜಗತ್ತಿನ ಅತ್ಯಂತ ಹಳೆಯ ಫುಟ್ಬಾಲ್ ಕ್ಲಬ್ ಶೆಫೀಲ್ಡ್ ಎಫ್‌ಸಿ ಶುರುವಾಗಿ ಆಗಲೇ ಹತ್ತು ವರ್ಷ ಆಗಿತ್ತು. ಊರಿಗೆ ತನ್ನದೇ ನಿಯಮಗಳಿದ್ದವು. ಕಾರ್ನರ್ ಕಿಕ್ ಹುಟ್ಟಿದ್ದು ಅಲ್ಲೇ.

ಮೊದಲ ಚಳಿಗಾಲ ಮುಗಿಯುವ ಮೊದಲೇ ವೆನ್ಸ್‌ಡೇ ಒಂದು ಕಪ್ ಗೆದ್ದಿತು. ಆಲಿವರ್ ಕ್ರಾಮ್‌ವೆಲ್ ಅನ್ನುವವರು ಕೊಟ್ಟ ಕಪ್. ಹದಿನೇಳನೇ ಶತಮಾನದಲ್ಲಿ ಇಂಗ್ಲೆಂಡ್ ಆಳಿದ, ಚರಿತ್ರೆ ಪುಸ್ತಕದ ಕ್ರಾಮ್‌ವೆಲ್ ಅಲ್ಲ, ಇವರು ಅದೇ ಊರಿನ ನಾಟಕ ಥಿಯೇಟರ್‌ನವರು! 1868ರ ಫೆಬ್ರವರಿ 15ರಂದು ಬ್ರಾಮಲ್ ಲೇನ್ ಮೈದಾನದಲ್ಲಿ ಫೈನಲ್. ಎದುರಾಳಿ ಗ್ಯಾರಿಕ್ ಕ್ಲಬ್. ಪೂರ್ತಿ ಆಡಿದರೂ ಯಾರಿಗೂ ಗೋಲಿಲ್ಲ. ಸರಿ, ಇನ್ನು ಮುಂದೆ ಯಾರು ಮೊದಲು ಗೋಲ್ ಹೊಡೀತಾರೋ ಅವರಿಗೇ ಕಪ್ ಅಂತಾಯಿತು. ವೆನ್ಸ್‌ಡೇ ಹೊಡೆಯಿತು. ಮುಂದೆ ನೂರಿಪ್ಪತ್ತೈದು ವರ್ಷ ಕಳೆದ ಮೇಲೆ ‘ಗೋಲ್ಡನ್ ಗೋಲ್’ ಅಂತ ಹೆಸರಿಟ್ಟ ಪದ್ಧತಿಗೆ ಇದೇ ಮೊದಲ ಉದಾಹರಣೆ ಅನ್ನುತ್ತಾರೆ. ನನಗೆ ಅದಕ್ಕಿಂತ ಮಜಾ ಅನಿಸುವುದು ಬೇರೆ ವಿಷಯ. ಆ ಫೈನಲ್ ನಡೆದದ್ದು ಶನಿವಾರ. ಬುಧವಾರದ ಕ್ಲಬ್ಬು ಫುಟ್ಬಾಲಿಗೆ ಇಳಿದು ಆರು ತಿಂಗಳೂ ಆಗಿಲ್ಲ, ಅಷ್ಟರಲ್ಲೇ ಹೆಸರೊಂದು ವಾರ, ಆಟವೊಂದು ವಾರ! ಫ್ಯಾಕ್ಟರಿಗಳಲ್ಲಿ ಶನಿವಾರ ಮಧ್ಯಾಹ್ನದ ರಜೆ ಹರಡುತ್ತಿದ್ದ ಕಾಲ ಅದು. ಫುಟ್ಬಾಲ್ ಆ ರಜೆಯ ಬೆನ್ನು ಹತ್ತಿತು.

ಚಳಿಗಾಲದ ಕಾಲಹರಣಕ್ಕೆ ತಂದ ಆಟ ಮನೆ ಯಜಮಾನನನ್ನೇ ಮೀರಿಸಿತು. 1880ರ ದಶಕದಲ್ಲಿ ಕ್ರಿಕೆಟ್, ಫುಟ್ಬಾಲ್ ಎರಡೂ ಬೇರೆಯಾದವು. 1887ರಲ್ಲಿ ಫುಟ್ಬಾಲಿನವರು ಆಟಗಾರರಿಗೆ ಸಂಬಳ ಕೊಡಲು ಒಪ್ಪಿ, ಆಲಿವ್ ಗ್ರೋವ್ ಅನ್ನುವ ಸ್ವಂತ ಮೈದಾನ ಮಾಡಿಕೊಂಡರು. ಅಲ್ಲಿಯವರೆಗೆ ದೊಡ್ಡ ಪಂದ್ಯ ಆಡುತ್ತಿದ್ದ ಬ್ರಾಮಲ್ ಲೇನ್ ಬಿಟ್ಟು ಹೋದದ್ದಕ್ಕೆ ಒಂದು ಫಲ ಸಿಕ್ಕಿತು. ದೊಡ್ಡ ಪಂದ್ಯಗಳ ಗೇಟ್ ಕಲೆಕ್ಷನ್ ಕಳೆದುಕೊಂಡ ಅಲ್ಲಿಯವರು 1889ರಲ್ಲಿ ತಾವೇ ಒಂದು ಟೀಮ್ ಕಟ್ಟಿದರು. ಅದೇ ಶೆಫೀಲ್ಡ್ ಯುನೈಟೆಡ್. ಇವತ್ತಿಗೂ ಊರು ಎರಡು ಪಾಲು.

ಆಮೇಲಿನದ್ದನ್ನು ಬೇಗ ಹೇಳಿಬಿಡುತ್ತೇನೆ. 1892ರಲ್ಲಿ ಲೀಗ್‌ಗೆ, ಅಂದರೆ ಸೀಸನ್ ಪೂರ್ತಿ ನಡೆಯುವ ದೇಶದ ಮುಖ್ಯ ಪಂದ್ಯಾವಳಿಗೆ, ಪ್ರವೇಶ. 1896, 1907, 1935ರಲ್ಲಿ ಎಫ್‌ಎ ಕಪ್, ಅಂದರೆ ಸೋತವರು ಹೊರಗೆ ಅನ್ನುವ ಇಂಗ್ಲೆಂಡಿನ ದೊಡ್ಡ ಕಪ್. 1903, 1904, 1929, 1930ರಲ್ಲಿ ಲೀಗ್ ಚಾಂಪಿಯನ್. 1899ರಲ್ಲಿ ರೈಲ್ವೆಗೆ ಜಾಗ ಬೇಕಾಗಿ ಆಲಿವ್ ಗ್ರೋವ್ ಹೋಯಿತು. ಹೊಸ ಮೈದಾನ ಸಿಕ್ಕಿದ್ದು ಊರಾಚೆಯ ಔಲರ್ಟನ್‌ನಲ್ಲಿ. ಆ ಜಾಗದ ಹೆಸರಿನಿಂದಲೇ ‘ಔಲ್ಸ್’, ಅಂದರೆ ಗೂಬೆಗಳು, ಅನ್ನುವ ಅಡ್ಡಹೆಸರು ಬಂತು. ನಮ್ಮಲ್ಲಾಗಿದ್ದರೆ ಯಾವ ಟೀಮೂ ಒಪ್ಪುತ್ತಿರಲಿಲ್ಲ ಬಿಡಿ. 1914ರಲ್ಲಿ ಆ ಮೈದಾನಕ್ಕೆ ಹಿಲ್ಸ್‌ಬರೊ ಅಂತ ಹೆಸರಿಟ್ಟರು. ಹೌದು, 1989ರ ಏಪ್ರಿಲ್ 15ರಂದು ನೂಕುನುಗ್ಗಲು ಆಗಿ, ಕೊನೆಗೆ 97 ಲಿವರ್‌ಪೂಲ್ ಅಭಿಮಾನಿಗಳ ಜೀವ ತೆಗೆದ ದುರಂತ ನಡೆದದ್ದು ಇಲ್ಲೇ. ಆ ದಿನ ಆಡುತ್ತಿದ್ದದ್ದು ಲಿವರ್‌ಪೂಲ್ ಮತ್ತು ನಾಟಿಂಗ್‌ಹ್ಯಾಮ್ ಫಾರೆಸ್ಟ್.

ಇನ್ನೊಂದು ವಿಷಯ ಜಾಸ್ತಿ ಜನಕ್ಕೆ ಗೊತ್ತಿಲ್ಲ. ‘ಶೆಫೀಲ್ಡ್ ವೆನ್ಸ್‌ಡೇ’ ಅನ್ನುವುದು ಅಧಿಕೃತ ಹೆಸರಾದದ್ದೇ 1929ರಲ್ಲಿ. ಅಲ್ಲಿಯವರೆಗೆ ಬರೀ ‘ದಿ ವೆನ್ಸ್‌ಡೇ’. ಊರಿನ ಹೆಸರು ಸೇರುವ ಹೊತ್ತಿಗೆ, ವಾರದ ಹೆಸರು ಕೊಟ್ಟ ಆ ಹಳೆಯ ಕ್ರಿಕೆಟ್ ಕ್ಲಬ್ ಮುಚ್ಚಿಹೋಗಿತ್ತು. ಊರಿನವರು ಮಾತ್ರ ಈಗಲೂ ಬರೀ ‘ವೆನ್ಸ್‌ಡೇ’ ಅನ್ನುತ್ತಾರೆ.

ಅಂದಹಾಗೆ, ಯಾವ ವಾರ ಆಡ್ತಾರೆ ಅಂತ ಕೇಳಿದಿರಲ್ಲ, ಅದಕ್ಕೊಂದು ಕತೆ ಇದೆ. 1898ರ ನವೆಂಬರ್ 26, ಶನಿವಾರ. ಆಲಿವ್ ಗ್ರೋವ್‌ನಲ್ಲಿ ಆಸ್ಟನ್ ವಿಲ್ಲಾ ಮೇಲೆ ಪಂದ್ಯ. ರೆಫರಿ ತಡವಾಗಿ ಬಂದರು. ವೆನ್ಸ್‌ಡೇ 3-1ರಿಂದ ಮುಂದಿದ್ದಾಗ ಕತ್ತಲಾಗಿ ಚೆಂಡೇ ಕಾಣದಂತಾಯಿತು. ಇನ್ನೂ ಹತ್ತೂವರೆ ನಿಮಿಷ ಬಾಕಿ. ಆ ಹತ್ತೂವರೆ ನಿಮಿಷ ಆಡಿಯೇ ತೀರಬೇಕು ಅಂದಿತು ಲೀಗ್. ಹದಿನೈದು ವಾರ ಕಳೆದು, ಮಾರ್ಚ್ 13ರ ಸೋಮವಾರ, ವಿಲ್ಲಾದವರು ಮತ್ತೆ ಬಂದರು. ಆಡಿದರು, ಇನ್ನೊಂದು ಗೋಲ್ ಹೊಡೆಸಿಕೊಂಡರು. 4-1. ಆ ಸೀಸನ್ ಕೊನೆಗೆ ವಿಲ್ಲಾ ಚಾಂಪಿಯನ್, ವೆನ್ಸ್‌ಡೇ ಕೆಳಗಿನ ಡಿವಿಷನ್‌ಗೆ.