ಪೇಂಟ್‌ಬಾಲ್: ನಳಿಗೆಯಲ್ಲಿ ಒಡೆಯಬಾರದು, ಅಂಗಿಗೆ ಬಡಿದರೆ ಒಡೆಯಲೇಬೇಕು

ಪೇಂಟ್‌ಬಾಲ್ ಎಂಬುದು ಬಣ್ಣ ತುಂಬಿದ, ಗೋಲಿಯಷ್ಟು ದೊಡ್ಡ ಬಾಲ್‌ನ ಹೆಸರೂ ಹೌದು, ಅದನ್ನು ಹಾರಿಸಿ ಎದುರು ತಂಡದವರನ್ನು ಔಟ್ ಮಾಡುವ ಆಟದ ಹೆಸರೂ ಹೌದು. ಬಾಲ್ ಮೈಗೆ ಬಡಿದು ಒಡೆದು, ನಾಣ್ಯದಗಲ ಬಣ್ಣ ಉಳಿದರೆ ಔಟ್. ಒಡೆಯದೆ ಪುಟಿದು ಹೋದರೆ ಔಟಲ್ಲ, ಎಷ್ಟೇ ಉರಿದರೂ. ಎಲ್ಲರೂ ಔಟಾಗುವ ಮೊದಲು ಎದುರು ತಂಡದ ಬಾವುಟ ತಂದವರು ಗೆದ್ದರು. ಸಾಮಾನ್ಯವಾಗಿ ಆಡುವ ಆಟ ಇಷ್ಟೇ.

ಮಕ್ಕಳಿಗೆ ಇದನ್ನು ಪರಿಚಯಿಸುವವರು ಬಂದೂಕಿನಂತೆ ಕಾಣುವ ಸಾಧನವನ್ನೇ ಮೊದಲು ಕೈಗೆ ಕೊಡುತ್ತಾರೆ. ನಮ್ಮನ್ನು ಕೇಳಿದರೆ ಬಾಲ್‌ನಿಂದ ಶುರುಮಾಡಿ ಎನ್ನುತ್ತೇವೆ. ಅದರ ಮೇಲೆ ಒಂದಕ್ಕೊಂದು ಒಗ್ಗದ ಎರಡು ಹೊಣೆಗಳಿವೆ: ಹಿಂದಿನಿಂದ ಗಾಳಿಯ ಏಟು ಬಿದ್ದಾಗ ನಳಿಗೆಯೊಳಗೆ ಒಡೆಯಬಾರದು, ಮುಂದೆ ಹತ್ತಿಯ ಅಂಗಿಗೆ ಬಡಿದಾಗ ಒಡೆಯಲೇಬೇಕು. ಶಾಲೆಯ ಪಾಠಗಳೆಲ್ಲ ಈ ಜಗ್ಗಾಟದೊಳಗೇ ಸಿಗುತ್ತವೆ.

ಚರಿತ್ರೆ ಹೆಸರಿನಲ್ಲೇ ಇದೆ. ಹಾರಿಸುವ ಸಾಧನಕ್ಕೆ ಆಟಗಾರರು ಮಾರ್ಕರ್ ಎನ್ನುತ್ತಾರೆ, ಅಂದರೆ ಗುರುತು ಹಾಕುವುದು. ಬಂದೂಕು ಎನ್ನಲು ಮುಜುಗರವಾಗಿ ಇಟ್ಟ ಹೆಸರಲ್ಲ ಇದು (ಈಗ ಆ ಅನುಕೂಲವೂ ಸೇರಿಕೊಂಡಿದೆ, ಬಿಡಿ). ಅಮೆರಿಕದ ಮಿಷಿಗನ್ ರಾಜ್ಯದ ನೆಲ್ಸನ್ ಪೇಂಟ್ ಕಂಪನಿ, ಕಾಡಿನಲ್ಲಿ ಕಡಿಯಬೇಕಾದ ಮರಕ್ಕೆ ದೂರದಿಂದಲೇ ಗುರುತು ಹಾಕಲು, ಹಿಂಡಿನಲ್ಲಿ ಬೇಕಾದ ದನವನ್ನು ಬೇರೆ ಮಾಡಿಕೊಳ್ಳಲು ಇಂಥ ಸಾಧನ ಮಾರುತ್ತಿತ್ತು. ನೆಲ್‌ಸ್ಪಾಟ್ 007 ಎಂಬ ಆ ಮಾರ್ಕರ್ ಹಿಡಿದು 1981ರ ಜೂನ್ 27ರಂದು ನ್ಯೂ ಹ್ಯಾಂಪ್‌ಶೈರ್‌ನ ಹೆನಿಕರ್ ಎಂಬಲ್ಲಿ ಹನ್ನೆರಡು ಮಂದಿ ಕಾಡಿಗಿಳಿದರು. ಚಾರ್ಲ್ಸ್ ಗೇನ್ಸ್, ಹೇಯ್ಸ್ ನೋಯಲ್, ಬಾಬ್ ಗರ್ನ್ಸಿ ಈ ಆಟ ಕಟ್ಟಿದವರು. ಗೆದ್ದದ್ದು ಮಾತ್ರ ಕಾಡಿನ ಕೆಲಸ ಬಲ್ಲ ರಿಚಿ ವೈಟ್. ಸದ್ದಿಲ್ಲದೆ ಬಾವುಟಗಳನ್ನು ಬಾಚಿಕೊಂಡು ಬಂದ, ಒಂದು ಬಾಲ್ ಕೂಡ ಹಾರಿಸಲಿಲ್ಲ. ಟ್ರಿಗರ್ ಒತ್ತುವುದೇ ಆಟ ಅಂದುಕೊಂಡ ಮಕ್ಕಳಿಗೆ ಇದನ್ನು ಹೇಳಿಯೇ ಮೈದಾನಕ್ಕೆ ಬಿಡಬೇಕು. ಆಗಿನದು ಎಣ್ಣೆಬಣ್ಣ, ತೊಳೆಯಲು ಟರ್ಪೆಂಟೈನ್ ಬೇಕಿತ್ತು. ಮರಕ್ಕೆ ಹಚ್ಚಿದ್ದು ಮಳೆಗೆ ಹೋಗಬಾರದಲ್ಲ!

ಈಗಿನ ಬಾಲ್‌ನೊಳಗೆ ಇರುವುದು ಪಾಲಿಎಥಿಲೀನ್ ಗ್ಲೈಕಾಲ್ ಮತ್ತು ಬಣ್ಣ. ನೀರಿನಲ್ಲಿ ಕರಗುತ್ತದೆ, ಅಂಗಿ ಒಗೆದರೆ ಹೋಗುತ್ತದೆ. ಮಲಬದ್ಧತೆಗೆ ಕೊಡುವ ಪುಡಿಯಲ್ಲೂ ಇದೇ ಜಾತಿಯ ವಸ್ತುವಿದೆ. ಹೊರಗಿನ ಸಿಪ್ಪೆ ಜೆಲಾಟಿನ್, ಅದನ್ನು ಮೆತ್ತಗಿಡಲು ಗ್ಲಿಸರಿನ್ ಅಥವಾ ಸಾರ್ಬಿಟಾಲ್. ಜೆಲಾಟಿನ್ ಪ್ರಾಣಿಗಳ ಚರ್ಮ, ಮೂಳೆಯಿಂದ ತೆಗೆದದ್ದು. ಸಸ್ಯಾಹಾರಿ ಮನೆಯ ಮಕ್ಕಳು ಕೇಳಿದರೆ ಮುಚ್ಚಿಡದೆ ಹೇಳಿ. ಸಿಪ್ಪೆ ಮಾಡುವ ವಿದ್ಯೆ ಬಂದದ್ದು ಔಷಧ ಕಾರ್ಖಾನೆಯಿಂದ. ಡೆಟ್ರಾಯಿಟ್‌ನ ರಾಬರ್ಟ್ ಶೆರರ್ 1933ರಲ್ಲಿ ರೂಪಿಸಿದ ಯಂತ್ರದಲ್ಲಿ ಎರಡು ಜೆಲಾಟಿನ್ ಹಾಳೆಗಳು ಎದುರುಬದುರು ತಿರುಗುವ ಅಚ್ಚುಗಳ ನಡುವೆ ಇಳಿಯುತ್ತವೆ, ನಡುವೆ ದ್ರವ ಬೀಳುತ್ತದೆ, ಅಂಚು ಬೆಸೆದುಕೊಂಡು ಮಾತ್ರೆಯಾಗುತ್ತದೆ. ಮೀನೆಣ್ಣೆ ಮಾತ್ರೆಯೂ ಪೇಂಟ್‌ಬಾಲೂ ಹುಟ್ಟುವುದು ಹೀಗೆಯೇ. ಬಾಲ್‌ನ ಸುತ್ತ ಕಾಣುವ ಸಣ್ಣ ಗೆರೆ ಆ ಬೆಸುಗೆಯದ್ದು.

ಹಾಗಾಗಿ ಮೈದಾನಕ್ಕೆ ಹೋಗುವ ಮೊದಲೇ ತರಗತಿಯಲ್ಲಿ ಒಂದು ಪ್ರಯೋಗ ಮಾಡಬಹುದು. ಮೆಡಿಕಲ್ ಶಾಪ್‌ನಿಂದ ವಿಟಮಿನ್ ಇ ಮಾತ್ರೆ ಮೂರು ತನ್ನಿ. ಒಂದನ್ನು ಒಣ ಡಬ್ಬಿಯಲ್ಲಿ ಮುಚ್ಚಿ ಫ್ರಿಜ್‌ನಲ್ಲಿಡಿ. ಇನ್ನೊಂದನ್ನು ಬಟ್ಟಲಲ್ಲಿಟ್ಟು, ಆ ಬಟ್ಟಲನ್ನು ಒದ್ದೆ ಬಟ್ಟೆ ಹಾಸಿದ ದೊಡ್ಡ ಡಬ್ಬಿಯೊಳಗೆ ಮುಚ್ಚಿಡಿ. ಬಟ್ಟೆ ಮಾತ್ರೆಗೆ ತಾಗಬಾರದು. ಮೂರನೆಯದು ಮೇಜಿನ ಮೇಲಿರಲಿ. ಮರುದಿನ ಬೆರಳಲ್ಲಿ ಅದುಮಿ ನೋಡಿ. ಫ್ರಿಜ್‌ನದು ಬಿರುಸಾಗಿರುತ್ತದೆ, ಒದ್ದೆ ಡಬ್ಬಿಯದು ಮೆತ್ತಗಾಗಿ ಬೆರಳಿಗೆ ಅಂಟುತ್ತದೆ. ಜೆಲಾಟಿನ್ ಗಾಳಿಯ ತೇವವನ್ನು ಹೀರುತ್ತದೆ, ತೇವ ಹೀರಿದಷ್ಟೂ ರಬ್ಬರಿನಂತಾಗುತ್ತದೆ. (ಪ್ರಯೋಗದ ಮಾತ್ರೆ ಯಾರೂ ನುಂಗಬಾರದು.) ಜುಲೈ ತಿಂಗಳಲ್ಲಿ ಮಲೆನಾಡಿನ ಕಡೆ ಬಾಲ್ ಚೀಲ ಬಿಚ್ಚಿಟ್ಟು ಮಲಗಿದರೆ ಬೆಳಗ್ಗೆ ಆಗಿರುವುದೂ ಇದೇ: ಬಾಲ್ ಉಬ್ಬಿ ನಳಿಗೆಯಲ್ಲಿ ಸಿಕ್ಕಿಕೊಳ್ಳುತ್ತದೆ, ಅಲ್ಲಿ ಪಾರಾದದ್ದು ಮೈಗೆ ಬಡಿದು ಪುಟಿಯುತ್ತದೆ. ತುಂಬ ತಣ್ಣಗಾದದ್ದು ನಳಿಗೆಯಲ್ಲೇ ಪುಡಿ. ಆದ್ದರಿಂದ ಚೀಲದ ಬಾಯಿ ಕಟ್ಟಿ, ಬಿಸಿಲು ಬೀಳದ ಒಣ ಜಾಗದಲ್ಲಿ, ಮಲಗುವ ಕೋಣೆಯಷ್ಟು ತಂಪಿನಲ್ಲಿಡಬೇಕು. ಆಗಾಗ ಡಬ್ಬ ಮಗುಚಬೇಕು, ಇಲ್ಲದಿದ್ದರೆ ಕೆಳಗಿನವು ಮೇಲಿನವುಗಳ ಭಾರಕ್ಕೆ ಚಪ್ಪಟೆಯಾಗುತ್ತವೆ.

ಬಾಲ್ ಸರಿಯಿದೆಯೇ ಎಂದು ನೋಡಲು ಮಾರ್ಕರ್‌ನಿಂದ ಬಿಚ್ಚಿದ ನಳಿಗೆಯೊಳಗೆ ಒಂದನ್ನು ಹಾಕಿ. ತಾನಾಗಿ ಉರುಳಿ ಬಿದ್ದರೆ ನಳಿಗೆ ದೊಡ್ಡದಾಯಿತು, ಗಾಳಿ ಸುತ್ತಲಿಂದ ಸೋರುತ್ತದೆ. ಬಾಯಿಂದ ಊದಿದರೂ ಹೊರಡದಿದ್ದರೆ ಬಿಗಿಯಾಯಿತು. ಊದಿದಾಗ ಪುಸಕ್ಕನೆ ಹೊರಬಂದರೆ ಸರಿ. ಆಟದ ನಡುವೆ ಒಂದು ಬಾಲ್ ಒಳಗೇ ಒಡೆದರೆ ಮುಂದಿನವು ಆ ಅಂಟಿಗೆ ತಾಗಿ ಎತ್ತೆತ್ತಲೋ ತಿರುಗುತ್ತವೆ. ಇನ್ನಷ್ಟು ಹಾರಿಸಿದರೆ ಸರಿಹೋಗುತ್ತದೆ ಎಂದು ಮಕ್ಕಳು ಅಂದುಕೊಳ್ಳುತ್ತಾರೆ, ಸರಿಹೋಗುವುದಿಲ್ಲ, ನಳಿಗೆ ಒರೆಸಲೇಬೇಕು.

ಈಗ ಗಣಿತ. ಸಾಮಾನ್ಯ ಬಾಲ್‌ನ ವ್ಯಾಸ 0.68 ಇಂಚು, ಅಂದರೆ 17.3 ಮಿಲಿಮೀಟರ್. ಮಕ್ಕಳಿಗೆಂದು ಬಳಸುವುದು 0.50 ಇಂಚಿನದು, 12.7 ಮಿಲಿಮೀಟರ್. ಎಷ್ಟು ಚಿಕ್ಕದು ಎಂದು ಕೇಳಿದರೆ ತರಗತಿ ಕಾಲು ಭಾಗ ಎನ್ನುತ್ತದೆ. ಗೋಳದ ಘನಫಲದ ಸೂತ್ರ ಹಾಕಿಸಿ: ದೊಡ್ಡದು 2.7 ಘನ ಸೆಂಟಿಮೀಟರ್, ಚಿಕ್ಕದು 1.07. ತೂಕ ಸುಮಾರು 3 ಗ್ರಾಂ ಮತ್ತು 1.2 ಗ್ರಾಂ. ವ್ಯಾಸ ಕಾಲು ಭಾಗ ಇಳಿದರೆ ತೂಕ ಅರ್ಧಕ್ಕಿಂತ ಕೆಳಗಿಳಿಯಿತು. ತ್ರಿಜ್ಯದ ಘನ ಎಂದರೇನೆಂದು ಬಾಯಿಪಾಠಕ್ಕಿಂತ ಇದು ಚೆನ್ನಾಗಿ ತಲೆಗೆ ಹೋಗುತ್ತದೆ.

ವೇಗದ ಮಿತಿ ಸೆಕೆಂಡಿಗೆ 300 ಅಡಿ, ಅಂದರೆ 91 ಮೀಟರ್, ಗಂಟೆಗೆ ಸುಮಾರು 330 ಕಿಲೋಮೀಟರ್. ಹಲವು ಮೈದಾನಗಳು 280ಕ್ಕೇ ನಿಲ್ಲಿಸುತ್ತವೆ. ಅಳೆಯುವ ಸಾಧನ ಕ್ರೋನೋಗ್ರಾಫ್. ಸಾಲಾಗಿರುವ ಎರಡು ಬೆಳಕಿನ ಕಣ್ಣುಗಳನ್ನು ಬಾಲ್ ದಾಟಲು ಹಿಡಿದ ಹೊತ್ತನ್ನು ಅದು ಲೆಕ್ಕ ಹಾಕುತ್ತದೆ. ಕಣ್ಣುಗಳ ನಡುವೆ 10 ಸೆಂಟಿಮೀಟರ್ ಇದ್ದರೆ ಮಿತಿಯಲ್ಲಿರುವ ಬಾಲ್‌ಗೆ 1.1 ಮಿಲಿಸೆಕೆಂಡ್ ಸಾಕು. ದೊಡ್ಡ ಬಾಲ್‌ನ ಚಲನಶಕ್ತಿ ಆಗ 12.5 ಜೂಲ್, ಚಿಕ್ಕದನ್ನು 250 ಅಡಿಯ ವೇಗದಲ್ಲಿ ಹಾರಿಸಿದರೆ 3.5 ಜೂಲ್. ವೇಗದ ವರ್ಗ ಲೆಕ್ಕಕ್ಕೆ ಬರುವುದರಿಂದ, ವೇಗ ಶೇಕಡ 10 ಏರಿದರೆ ಏಟು ಶೇಕಡ 21 ಏರುತ್ತದೆ. ಸ್ವಲ್ಪ ತಾನೇ ಎಂದು ಮಿತಿ ಮೀರಲು ಬಿಡದಿರುವುದು ಇದಕ್ಕೇ.

ಭೌತಶಾಸ್ತ್ರದ ಪುಸ್ತಕದಲ್ಲಿ ಗಾಳಿಯನ್ನು ಬಿಟ್ಟುಬಿಡಿ ಎಂಬ ಒಂದು ಸಾಲಿರುತ್ತದೆ. ಇಲ್ಲಿ ಬಿಟ್ಟರೆ 45 ಡಿಗ್ರಿಯಲ್ಲಿ ಹಾರಿಸಿದ ಬಾಲ್ 850 ಮೀಟರ್ ಹೋಗಬೇಕು. ನಿಜದಲ್ಲಿ 100 ಮೀಟರ್ ದಾಟುವುದೂ ಕಷ್ಟ. ನಳಿಗೆ ಬಿಟ್ಟ ಗಳಿಗೆಯಲ್ಲಿ ಗಾಳಿ ಅದನ್ನು ತಡೆಯುವ ಬಲ ಅರ್ಧ ನ್ಯೂಟನ್‌ಗಿಂತ ತುಸು ಹೆಚ್ಚು. ಬಾಲ್‌ನ ತೂಕದ ಹದಿನೆಂಟು ಹತ್ತೊಂಬತ್ತು ಪಟ್ಟು! ಲೆಕ್ಕದ ಪ್ರಕಾರ 30 ಮೀಟರ್ ಆಚೆ ವೇಗ ಅರ್ಧಕ್ಕಿಳಿದಿರುತ್ತದೆ, ಶಕ್ತಿ ಕಾಲು ಭಾಗಕ್ಕೆ. ಅಷ್ಟರಲ್ಲಿ ಬಾಲ್ ಹತ್ತಿರ ಹತ್ತಿರ ಒಂದು ಮೀಟರ್ ಕೆಳಗೆ ಬಿದ್ದಿರುತ್ತದೆ. ಎದೆಗೆ ಗುರಿಯಿಟ್ಟ ಹೊಸಬರ ಬಾಲ್ ಮೊಣಕಾಲಿನ ಹತ್ತಿರ ಹೋಗುವುದು ಕೈ ನಡುಗಿ ಅಲ್ಲ. ದೂರದಲ್ಲಿ ಬಾಲ್ ಒಡೆಯದೆ ಪುಟಿಯುವುದೂ ಈ ಕಳೆದುಹೋದ ವೇಗದಿಂದಲೇ. ತೀರ ಹತ್ತಿರದಲ್ಲಿ ವೇಗ ಇನ್ನೂ ಕಳೆದಿರುವುದಿಲ್ಲ. ಮೂರು ಮೀಟರ್ ಒಳಗೆ ಹಾರಿಸದೆ ಶರಣಾಗಲು ಹೇಳಬೇಕು ಎಂಬ ಕಟ್ಟಳೆ ಹಲವೆಡೆ ಇರುವುದು ಅದಕ್ಕೆ.

ತಳ್ಳುವ ಅನಿಲ ಎರಡು ಬಗೆ. ಕಾರ್ಬನ್ ಡೈಆಕ್ಸೈಡ್ ಸಿಲಿಂಡರಿನಲ್ಲಿ ದ್ರವವಾಗಿರುತ್ತದೆ, ಅದರ ಒತ್ತಡವನ್ನು ಹವೆ ತೀರ್ಮಾನಿಸುತ್ತದೆ: 10 ಡಿಗ್ರಿಯಲ್ಲಿ 45 ಬಾರ್ (ಒಂದು ಬಾರ್ ಎಂದರೆ ಹತ್ತಿರ ಹತ್ತಿರ ನಮ್ಮ ಸುತ್ತಲಿನ ಗಾಳಿಯ ಒತ್ತಡ), 20ರಲ್ಲಿ 57, 30ರಲ್ಲಿ 72. ಮಡಿಕೇರಿಯ ಡಿಸೆಂಬರ್ ಬೆಳಗ್ಗೆ ಸುಸ್ತಾದಂತೆ ಹಾರಿಸುವ ಮಾರ್ಕರ್ ಬಯಲುಸೀಮೆಯ ಏಪ್ರಿಲ್‌ನಲ್ಲಿ ಮಿತಿ ಮೀರುತ್ತದೆ. ಬೆಳಗ್ಗೆ ವೇಗ ಹೊಂದಿಸಿದವರು ಮಧ್ಯಾಹ್ನ ಮತ್ತೆ ಅಳೆಯಬೇಕು. ಒಂದೇ ಸಮನೆ ಹಾರಿಸಿದರೆ ದ್ರವ ಆವಿಯಾಗಲು ಬೇಕಾದ ಶಾಖವನ್ನು ಲೋಹದಿಂದ ಎಳೆದುಕೊಳ್ಳುತ್ತದೆ. ಸಿಲಿಂಡರ್ ಮೇಲೆ ಮಂಜು ಕಟ್ಟುತ್ತದೆ, ವೇಗ ಕುಸಿಯುತ್ತದೆ. ಮಾರ್ಕರ್ ತಲೆಕೆಳಗೆ ಹಿಡಿದರೆ ದ್ರವವೇ ಒಳಗೆ ನುಗ್ಗಿ ರಬ್ಬರ್ ಉಂಗುರಗಳನ್ನು ಹಾಳುಮಾಡುತ್ತದೆ. ಇನ್ನೊಂದು ಬಗೆ ಒತ್ತಿ ತುಂಬಿದ ಬರೀ ಗಾಳಿ, 3000 ಅಥವಾ 4500 ಪಿಎಸ್‌ಐ (ಟೈರಿಗೆ ಗಾಳಿ ತುಂಬುವಾಗ ಹೇಳುವ ಒತ್ತಡದ ಅಳತೆ). ರೆಗ್ಯುಲೇಟರ್ ಅದನ್ನು 800ರ ಆಸುಪಾಸಿಗೆ ಇಳಿಸಿ ಕೊಡುವುದರಿಂದ ಹವೆಯ ಕಾಟ ಕಡಿಮೆ. ಮಕ್ಕಳ ಆಟಕ್ಕೆ ಇದೇ ಲೇಸು.

ಜೀವಶಾಸ್ತ್ರದಲ್ಲಿ ಒಂದೇ ಅಂಗದ ಪಾಠ ಸಾಕು, ಕಣ್ಣು. ತೊಡೆಗೆ ಬಿದ್ದರೆ ಕೆಂಪು ಗುಳ್ಳೆ ಎದ್ದು ಕೆಲವು ದಿನದಲ್ಲಿ ಮಾಸುತ್ತದೆ. ಅದೇ ಏಟು ಕಣ್ಣಿಗೆ ಬಿದ್ದರೆ ಒಳಗೆ ರಕ್ತ ಸೋರಬಹುದು, ಅಕ್ಷಿಪಟ ಕಳಚಬಹುದು, ದೃಷ್ಟಿಯೇ ಹೋಗಬಹುದು. ಬಾಲ್ ಕಣ್ಣುಗೂಡಿನ ಅಂಚಿನೆಲುಬಿಗೆ ತಡೆಯದೆ ನೇರ ಕಣ್ಣುಗುಡ್ಡೆಗೆ ತಲುಪುವಷ್ಟು ಚಿಕ್ಕದು. ಪೇಂಟ್‌ಬಾಲ್‌ಗೆಂದೇ ಮಾಡಿದ ಮುಖವಾಡ ಬೇಕು. ಬೈಕಿನ ಕನ್ನಡಕ, ಪ್ರಯೋಗಶಾಲೆಯ ಕನ್ನಡಕ ನಡೆಯುವುದಿಲ್ಲ. ಅವಘಡಗಳಿಗೆ ದಾರಿಯಾಗುವುದು ಮುಖವಾಡ ತೆಗೆದ ಗಳಿಗೆ: ಗಾಜು ಮಂಜಾಯಿತು, ಬೆವರು ಒರೆಸಬೇಕು, ಆಟ ಮುಗಿಯಿತು ಅಂದುಕೊಂಡೆ. ಮಂಜಾದರೆ ಮುಖವಾಡ ಹಾಕಿಕೊಂಡೇ ಕೈ ಎತ್ತಿ ಮೈದಾನದಿಂದ ಹೊರಬರಬೇಕು. ಎಲ್ಲರ ನಳಿಗೆಗೂ ಬಟ್ಟೆಯ ಮುಸುಕು ಬಿದ್ದ ಮೇಲೆಯೇ ಮುಖವಾಡ ತೆಗೆಯುವುದು. ಮಕ್ಕಳಿಗೆ ಅಳತೆ ಸರಿಹೊಂದುವ ಪಟ್ಟಿಯಿರಬೇಕು. ತಲೆ ಅಲ್ಲಾಡಿಸಿದಾಗ ಜಾರುವ ಮುಖವಾಡ ಇದ್ದೂ ಇಲ್ಲದ ಹಾಗೆ.

ಮೈದಾನ ಬಿಡುವ ಮೊದಲು ಒಡೆಯದೆ ಬಿದ್ದ ಬಾಲ್‌ಗಳನ್ನು ಮಕ್ಕಳಿಂದಲೇ ಆರಿಸಿಸಿ. ನೆಲಕ್ಕೆ ಬಿದ್ದದ್ದನ್ನು ಮತ್ತೆ ಮಾರ್ಕರ್‌ಗೆ ತುಂಬಬಾರದು, ಅಂಟಿದ ಮರಳು ನಳಿಗೆ ಗೀರುತ್ತದೆ. ಅದಕ್ಕಿಂತ ಮುಖ್ಯ, ಬೀದಿನಾಯಿಗಳು ಅವನ್ನು ತಿನ್ನುತ್ತವೆ. ಒಳಗಿನ ಗ್ಲೈಕಾಲ್ ದೇಹದ ನೀರನ್ನು ಕರುಳಿಗೆ ಎಳೆಯುತ್ತದೆ, ರಕ್ತದಲ್ಲಿ ಉಪ್ಪಿನಂಶ ಏರಿ ನಾಯಿ ತೂರಾಡುತ್ತದೆ, ಹೆಚ್ಚು ತಿಂದಿದ್ದರೆ ಸಾಯಲೂಬಹುದು. ತಿಂದದ್ದು ಕಂಡರೆ ಮನೆಮದ್ದು ಹುಡುಕುತ್ತ ಕೂರದೆ ಪಶುವೈದ್ಯರ ಬಳಿಗೆ ಒಯ್ಯಿರಿ, ಜೊತೆಗೆ ಬಾಲ್‌ನ ಚೀಲವನ್ನೂ.