ಅಮರೀಶ್ ಪುರಿ ನೋಟ್ಸ್: ಮೊಗಾಂಬೊಗಿಂತ ಮೊದಲು ಯಜಮಾನ

ನಮ್ಮ ಸಿನಿಮಾ ಗ್ರೂಪಲ್ಲಿ ನೋಟ್ಸ್ ಬರೀಲಿಕ್ಕೆ ಈ ಸಲದ ಟಾಪಿಕ್ ಹಿಂದಿ ಸಿನಿಮಾದ ನಟ ಅಮರೀಶ್ ಪುರಿ. ತುಂಬ ಜನ ಸೀದಾ ಅವರು ಮೊಗಾಂಬೊ ಅನ್ನುವ ವಿಲನ್ ಆದ 'ಮಿಸ್ಟರ್ ಇಂಡಿಯಾ'ದಿಂದ ನೋಟ್ಸ್ ಶುರು ಮಾಡಿದ್ದು ನೋಡಿದೆ, ಹಾಗೆ ಮಾಡ್ಬೇಡಿ ಮಾರಾಯ್ರೆ, ಅಲ್ಲಿಂದ ಶುರು ಮಾಡಿದ್ರೆ ವಿಲನ್ ಅಂತ ಬರೆದು ಮುಗಿಸಿಬಿಡ್ತೇವೆ, ಆಮೇಲೆ 'ದಿಲ್‌ವಾಲೆ ದುಲ್ಹನಿಯಾ ಲೇ ಜಾಯೇಂಗೆ' (ಡಿಡಿಎಲ್‌ಜೆ) ಸಿನಿಮಾದ ಅಪ್ಪನನ್ನು ಎಲ್ಲಿ ಸೇರಿಸುದು ಅಂತ ತಲೆ ಕೆರ್ಕೊಳ್ಬೇಕು. ನನ್ನ ಪ್ರಕಾರ ಈ ಮನುಷ್ಯನ ದೊಡ್ಡ ಪಾತ್ರಗಳಲ್ಲಿ ಹೆಚ್ಚಿನವು ಮನೆ ಯಜಮಾನನದ್ದೇ. ತಾನು ಹೇಳಿದ ಮೇಲೆ ಮುಗೀತು, ಇನ್ಯಾರೂ ಬಾಯಿ ತೆಗೆಯುವ ಹಾಗಿಲ್ಲ ಅಂತ ನಂಬಿದವ. ಅವನನ್ನು ಕೆಲವು ಸಿನಿಮಾ ಕೊಂದವು, ಕೆಲವು ಅವನ ಕಾಲಿಗೆ ಬಿದ್ದವು, ಅಷ್ಟೇ ವ್ಯತ್ಯಾಸ.

ಜೀವನ ಚರಿತ್ರೆ ಬೇಗ ಮುಗಿಸುವ. 1932ರಲ್ಲಿ ಪಂಜಾಬಿನ ನವಾಂಶಹರ್‌ನಲ್ಲಿ ಹುಟ್ಟು, ಅಣ್ಣಂದಿರು ಚಮನ್ ಪುರಿ, ಮದನ್ ಪುರಿ ಮೊದಲೇ ಸಿನಿಮಾದಲ್ಲಿ ಇದ್ದವರು, ಆದ್ರೂ ತಮ್ಮ ಅಮರೀಶ್ 1954ರ ಸ್ಕ್ರೀನ್ ಟೆಸ್ಟಲ್ಲಿ ಫೇಲ್. ಆಮೇಲೆ ಕಾರ್ಮಿಕರ ವಿಮೆ ನೋಡ್ಕೊಳ್ಳುವ ಇಎಸ್‌ಐ ಕಾರ್ಪೊರೇಶನ್ನಲ್ಲಿ ನೌಕರಿ, ಇಪ್ಪತ್ತು ವರ್ಷಕ್ಕೂ ಮೇಲೆ. ಹಗಲು ಫೈಲು, ಸಂಜೆ ನಾಟಕ. ಈ ಟೈಮ್‌ಟೇಬಲ್ ಮುಂಬೈ ಕನ್ನಡದವರಿಗೆ ಹೊಸತಲ್ಲ, ಫೋರ್ಟಿನ ಬ್ಯಾಂಕಲ್ಲಿ ಲೆಡ್ಜರ್ ಮುಚ್ಚಿ ಲೋಕಲಲ್ಲಿ ನೇತಾಡ್ಕೊಂಡು ಮಾಟುಂಗಾಕ್ಕೆ ರಿಹರ್ಸಲ್ಲಿಗೆ ಓಡಿದವರು ನಮ್ಮಲ್ಲಿ ಮನೆಗೊಬ್ಬರು ಇದ್ದಾರೆ. ಸಿನಿಮಾದಲ್ಲಿ ಗಟ್ಟಿಯಾಗಿ ನಿಂತದ್ದು ನಲವತ್ತು ದಾಟಿದ ಮೇಲೆ. ಹಾಗಾಗಿ ಇವರಿಗೆ "ಹೀರೋ ಆಗಿದ್ದ ಕಾಲ" ಅಂತ ಒಂದು ಚಾಪ್ಟರೇ ಇಲ್ಲ, ಪರದೆಗೆ ಬರುವಾಗಲೇ ದೊಡ್ಡವರು.

ನಾಟಕದಲ್ಲಿ ಗುರು ಸತ್ಯದೇವ ದುಬೆ. ದುಬೆ ಹಿಂದಿಯಲ್ಲಿ ಮಾಡಿಸಿದ ಕಾರ್ನಾಡರ 'ಯಯಾತಿ', 'ಹಯವದನ' ಎರಡರಲ್ಲೂ ಪುರಿ ಇದ್ದರು. ನನಗೆ ಅದಕ್ಕಿಂತ ಮುಖ್ಯ ಅನ್ನಿಸುದು ಮೋಹನ್ ರಾಕೇಶರ 'ಆಧೇ ಅಧೂರೇ', ಯಾಕಂದ್ರೆ ಆ ನಾಟಕದಲ್ಲಿ ಗಂಡ, ಬಾಸು, ಹಳೇ ಸ್ನೇಹಿತ ಹೀಗೆ ಬೇರೆ ಬೇರೆ ಗಂಡಸರನ್ನು ಒಬ್ಬನೇ ನಟ ಮಾಡ್ಬೇಕು, ಕೋಟು ಬದಲಾಗ್ತದೆ, ನಿಲ್ಲುವ ರೀತಿ ಬದಲಾಗ್ತದೆ, ಒಳಗಿನ ಗಂಡಸು ಅವನೇ. ಅದನ್ನು ಮಾಡಿದವರು ಪುರಿ. ಮುಂದೆ ಮೂವತ್ತು ವರ್ಷ ಪರದೆ ಮೇಲೆ ಮಾಡಿದ್ದಕ್ಕೆ ಇದೇ ಅಡಿಪಾಯ ಅಂತ ನಾನು ಓದ್ತೇನೆ. 1979ರಲ್ಲಿ ಸಂಗೀತ ನಾಟಕ ಅಕಾಡೆಮಿ ಪ್ರಶಸ್ತಿ ಸಿಕ್ಕಿದ್ದೂ ರಂಗಭೂಮಿಗೇ, ಇದನ್ನು ಮರೆಯದೆ ಬರೀರಿ.

ಈಗ ನಮ್ಮವರಿಗೆ ಖುಷಿಯಾಗುವ ವಿಷಯ. ಹಿಂದಿಯವರು ಇವರನ್ನು ಸರಿಯಾಗಿ ಗುರ್ತಿಸುವ ಮೊದಲೇ, 1973ರಲ್ಲಿ, ಕಾರ್ನಾಡರ 'ಕಾಡು' ಸಿನಿಮಾದಲ್ಲಿ ಪುರಿ ಚಂದ್ರೇಗೌಡ ಆಗಿದ್ದರು. ಆಲನಹಳ್ಳಿ ಕೃಷ್ಣರ ಕಾದಂಬರಿ, ಗೋವಿಂದ ನಿಹಲಾನಿ ಕ್ಯಾಮೆರಾ. ಮನೆಯಲ್ಲಿ ಹೆಂಡತಿ ಕಮಲಿ, ಪಕ್ಕದ ಊರಲ್ಲಿ ಇನ್ನೊಬ್ಬಳು, ಎರಡು ಊರಿನ ಮಧ್ಯೆ ದ್ವೇಷ, ಎಲ್ಲವನ್ನೂ ನೋಡುದು ಕಿಟ್ಟಿ ಅನ್ನುವ ಹುಡುಗ. ಹುಡುಗನ ಕಣ್ಣಿಂದ ನೋಡುವಾಗ ಗೌಡ ಏನೂ ಮಾಡ್ದೆ ಸುಮ್ನೆ ಬಾಗಿಲಲ್ಲಿ ನಿಂತ್ರೂ ಹೆದರಿಕೆ ಆಗ್ತದೆ. ಗೌಡ ಕೆಟ್ಟವನಾ ಒಳ್ಳೆಯವನಾ ಅಂತ ಸಿನಿಮಾ ಹೇಳುದಿಲ್ಲ, ಊರಲ್ಲಿ ಅಂಥವರು ಇರ್ತಾರೆ ಅಂತ ತೋರಿಸ್ತದೆ.

ಆಮೇಲೆ ನಿರ್ದೇಶಕ ಶ್ಯಾಮ್ ಬೆನಗಲ್ ಅವರ ಹಿಂದಿ ಸಿನಿಮಾಗಳು. 'ನಿಶಾಂತ್' (1975) ಜಮೀನ್ದಾರ, ತಮ್ಮಂದಿರಲ್ಲಿ ಒಬ್ಬ ನಮ್ಮ ಅನಂತ್ ನಾಗ್, ಇನ್ನೊಬ್ಬ ಆಗಷ್ಟೇ ಬಂದ ನಾಸಿರುದ್ದೀನ್ ಶಾ. 'ಮಂಥನ್' (1976) ಡೈರಿ ಮಾಲೀಕ ಮಿಶ್ರಾಜಿ. ಆದ್ರೆ ಟೈಮ್ ಒಂದೇ ಸಿನಿಮಾಕ್ಕೆ ಇದ್ರೆ 'ಭೂಮಿಕಾ' (1977) ನೋಡಿ. ವಿನಾಯಕ ಕಾಳೆ ಅನ್ನುವ ಶ್ರೀಮಂತ, ಸ್ಮಿತಾ ಪಾಟೀಲ್ ಮಾಡಿದ ಉಷಾಳನ್ನು ತನ್ನ ದೊಡ್ಡ ಮನೆಗೆ ಕರ್ಕೊಂಡು ಹೋಗ್ತಾನೆ, ಮೊದಲ ಹೆಂಡತಿ ಹಾಸಿಗೆ ಹಿಡಿದಿದ್ದಾಳೆ. ಉಷಾಗೆ ಅಲ್ಲಿ ಮರ್ಯಾದೆಗೆ ಏನೂ ಕಡಿಮೆ ಇಲ್ಲ. ಒಂದು ದಿನ ಮಗುವನ್ನು ಜಾತ್ರೆಗೆ ಕರ್ಕೊಂಡು ಹೋಗ್ತೇನೆ ಅಂದಾಗ ಗೊತ್ತಾಗ್ತದೆ, ಈ ಮನೆಯಿಂದ ಹೊರಗೆ ಕಾಲಿಡುವ ಹಾಗೇ ಇಲ್ಲ ಅಂತ. ಕಾಳೆಗೆ ಕಿರುಚುವ ಅಗತ್ಯವೇ ಇಲ್ಲ, ಮನೆಯ ಪದ್ಧತಿ ಅದು, ಅಷ್ಟೇ. ಎಲ್ಲರೂ ಪುರಿಯ ಗಂಟಲಿನ ಬಗ್ಗೆ ಪುಟಗಟ್ಲೆ ಬರೀತಾರೆ, ಆ ಗಂಟಲನ್ನು ತಗ್ಗಿಸಿದಾಗ ಏನಾಗ್ತದೆ ಅಂತ ಇಲ್ಲಿ ನೋಡಿ.

ಕಮರ್ಷಿಯಲ್ ತಿರುವು 1980ರ 'ಹಮ್ ಪಾಂಚ್', ಅದು ಪುಟ್ಟಣ್ಣನವರ 'ಪಡುವಾರಳ್ಳಿ ಪಾಂಡವರು' ಸಿನಿಮಾದ ಹಿಂದಿ ರೂಪ, ಅಲ್ಲಿ ಪುರಿ ಊರು ಹಿಂಡುವ ಠಾಕೂರ. ನಂತರ 'ವಿಧಾತಾ', 'ಹೀರೋ', 'ಮಶಾಲ್', 1984ರಲ್ಲಿ ಸ್ಪೀಲ್‌ಬರ್ಗ್‌ನ 'ಟೆಂಪಲ್ ಆಫ್ ಡೂಮ್'ನಲ್ಲಿ ತಲೆ ಬೋಳಿಸ್ಕೊಂಡ ವಿಲನ್ ಮೋಲಾ ರಾಮ್ (ಆ ಸಿನಿಮಾ ತೋರಿಸುವ ಭಾರತದ ಬಗ್ಗೆ ನಾನೇನೂ ಹೇಳುದಿಲ್ಲ, ಬೈಗುಳ ಬಂದೀತು). 'ತ್ರಿದೇವ್', 'ಘಾಯಲ್' ಎಲ್ಲ ಒಂದೇ ಸಾಲಲ್ಲಿ ಬರೆದ್ರೆ ಸಾಕು, ಕೆಲವೆಡೆ ವಿಗ್ಗಿನ ಕೆಲಸವೇ ನಟನೆಗಿಂತ ಜಾಸ್ತಿ ಉಂಟು.

'ಮಿಸ್ಟರ್ ಇಂಡಿಯಾ'ದ ಮೊಗಾಂಬೊ (1987) ಬೇರೆ. ಆ ಹೊಂಬಣ್ಣದ ಕೂದಲು, ಕಸೂತಿ ಕೋಟು, ಸಿಂಹಾಸನದಲ್ಲಿ ಕೂತು ಬೆರಳಾಡಿಸುದು ಇದೆಲ್ಲ ನಮ್ಮ ಯಕ್ಷಗಾನದ ಬಣ್ಣದ ವೇಷದ ಹಾಗೆ, ಒಳಗೆ ಸಹಜ ಮನುಷ್ಯನನ್ನು ಹುಡುಕಿದ್ರೆ ತಪ್ಪು, ಅಬ್ಬರದಲ್ಲೇ ಹಿಡಿತ ಇರ್ಬೇಕು. ಆದ್ರೆ ಅವನು ಪದೇ ಪದೇ ಹೇಳುದು ಏನು? ಮೊಗಾಂಬೊ ಖುಷ್ ಹುವಾ. ಯಜಮಾನರಿಗೆ ಖುಷಿಯಾಯ್ತು. ಉಳಿದವರೆಲ್ಲ ಬದುಕಿರುದೇ ಆ ಖುಷಿಗೆ, ಅವನು ಹೇಳಿದ್ರೆ ಆಳುಗಳು ಆಸಿಡ್ಡಿಗೂ ಹಾರ್ತಾರೆ. ಅಂದ್ರೆ ಕಾಳೆಯ ಮನೆಯೇ, ಒಂದು ದ್ವೀಪದಷ್ಟು ದೊಡ್ಡದಾಗಿ.

ಡಿಡಿಎಲ್‌ಜೆ (1995) ಮುಂಬೈಯವರು ಓಟಿಟಿಯಲ್ಲಿ ನೋಡ್ಬೇಡಿ, ಮುಂಬೈ ಸೆಂಟ್ರಲ್ ಸ್ಟೇಶನ್ ಎದುರು ಮರಾಠಾ ಮಂದಿರದಲ್ಲಿ ವರ್ಷಗಟ್ಲೆ ಓಡಿದ ಪಿಚ್ಚರ್, ದೊಡ್ಡ ಪರದೆಯಲ್ಲಿ ಸಿಕ್ಕಿದ್ರೆ ಬಿಡ್ಬೇಡಿ. ಪುರಿ ಮಾಡಿದ ಬಲದೇವ್ ಸಿಂಗ್ ಮಗಳನ್ನು ಕೇಳದೆ ಮದುವೆ ನಿಶ್ಚಯ ಮಾಡಿದವ, ಕಾಳೆಗಿಂತ ಏನೂ ಕಡಿಮೆ ಅಲ್ಲ. ಕಡೆಯ ರೈಲಿನ ಸೀನಲ್ಲಿ ಎಲ್ಲರೂ ಡೈಲಾಗಿಗೆ ಕಾಯ್ತಾರೆ, ನೀವು ಅವರ ಕೈ ನೋಡಿ, ಮಗಳನ್ನು ಬಿಗಿಯಾಗಿ ಹಿಡ್ಕೊಂಡ ಕೈ, ರೈಲು ಹೊರಟ ಮೇಲೂ ಬಿಡದ ಕೈ. ಆ ಕೈ ಸಡಿಲ ಆಗುವುದಕ್ಕೆ ಥಿಯೇಟರ್ ಇಡೀ ಉಸಿರು ಕಟ್ಟಿ ಕಾಯುದು ಯಾಕಂದ್ರೆ ಅದಕ್ಕೆ ಮೊದಲಿನ ಇಪ್ಪತ್ತು ವರ್ಷ ಈ ನಟನ ಕೈ ಯಾರನ್ನೂ ಬಿಟ್ಟದ್ದಿಲ್ಲ ಅಂತ ಪ್ರೇಕ್ಷಕನಿಗೆ ಗೊತ್ತುಂಟು.

ಫಿಲ್ಮ್‌ಫೇರ್ ಪೋಷಕ ನಟ ಪ್ರಶಸ್ತಿ ಮೂರು, 'ಮೇರಿ ಜಂಗ್', 'ಘಾತಕ್', 'ವಿರಾಸತ್'. 2005ರ ಜನವರಿ 12ಕ್ಕೆ ಮುಂಬೈಯಲ್ಲೇ ತೀರಿಕೊಂಡರು.

ಒಂದು ಸಿನಿಮಾ ಯಾರ ಲಿಸ್ಟಲ್ಲೂ ಕಾಣ್ಲಿಲ್ಲ, 'ಚಾಚಿ 420'. 'ವಿರಾಸತ್' ಬಂದ ಅದೇ 1997. ಅಳಿಯನನ್ನು ಕಂಡ್ರೆ ಆಗದ ಮಾವ, ಅದೇ ಅಳಿಯ ಕಮಲ್ ಹಾಸನ್ ಸೀರೆ ಉಟ್ಟು ಮನೆಗೆ ಬಂದ್ರೆ ಅವಳನ್ನೇ ಮದುವೆ ಆಗ್ಲಿಕ್ಕೆ ಹೊರಡ್ತಾನೆ. ಪುರಿ ಇಲ್ಲಿ ನಗಿಸ್ಲಿಕ್ಕೆ ಅಂತ ಒಂದು ಗೆರೆಯೂ ಬದಲಿಸುದಿಲ್ಲ, ಅದೇ ಗತ್ತು, ಅದೇ ಗಂಟಲು, ನಾಚಿಕೆ ಮಾತ್ರ ಹೊಸತು.