ಮಾವನವರ ತೊಡೆ ಮೇಲೆ ಮಗು ಕೂರಬಹುದಾ?

ಪ್ರಶ್ನೆ: ನಮ್ಮ ಮಾವನವರು ನಿವೃತ್ತ ಸೇನಾಧಿಕಾರಿ. ಕೊಲ್ಲಿ ಯುದ್ಧ ಮುಗಿದ ಮೇಲೆ ವಿಶ್ವಸಂಸ್ಥೆಯ ವೀಕ್ಷಕರಾಗಿ ಕುವೈತ್–ಇರಾಕ್ ಗಡಿಯಲ್ಲಿದ್ದರು. ಅಲ್ಲಿ ಯುರೇನಿಯಂ ಗುಂಡು ಹಾರಿಸಿದ್ದರಂತೆ. ಅವರ ಮೈಯಿಂದ ಮಗುವಿಗೆ ವಿಕಿರಣ ತಗಲುತ್ತದಾ? ಯಾವ ಟೆಸ್ಟ್ ಮಾಡಿಸಬೇಕು? (ಮಂಡ್ಯದಿಂದ ಒಬ್ಬ ಓದುಗರು)

ಕೂರಿಸಿ ತಾಯಿ, ಧಾರಾಳವಾಗಿ ಕೂರಿಸಿ. ಈ ಪ್ರಶ್ನೆಗೆ ಎಷ್ಟು ಸಲ ಉತ್ತರ ಬರೆದಿದ್ದೇನೋ ನನಗೇ ಲೆಕ್ಕ ಸಿಗುತ್ತಿಲ್ಲ.

ಆ ಗುಂಡಿನಲ್ಲಿ ಇದ್ದದ್ದು ಡಿಪ್ಲೀಟೆಡ್ ಯುರೇನಿಯಂ. ಆಲೆಮನೆಯಲ್ಲಿ ರಸ ಹಿಂಡಿದ ಮೇಲೆ ಸಿಪ್ಪೆ ಉಳಿಯುತ್ತದಲ್ಲ, ಹಾಗೆ. ಅಣು ಇಂಧನಕ್ಕೆ ಬೇಕಾದ ಯುರೇನಿಯಂ-235ರ ಬಹುಪಾಲನ್ನು ತೆಗೆದ ಮೇಲೆ ಉಳಿದದ್ದು. ಒಂದೇ ವ್ಯತ್ಯಾಸ, ಸಿಪ್ಪೆ ಹಗುರ, ಇದು ಸೀಸಕ್ಕಿಂತ ಸುಮಾರು 1.7 ಪಟ್ಟು ತೂಕ. ಟ್ಯಾಂಕಿನ ಉಕ್ಕನ್ನು ಸೀಳಲು ಆ ತೂಕವೇ ಬೇಕು. ವಿಕಿರಣ ಮಾತ್ರ ನೆಲದಲ್ಲಿ ಸಿಗುವ ಯುರೇನಿಯಂಗಿಂತ ಸುಮಾರು 40 ಶೇಕಡಾ ಕಡಿಮೆ. ರತ್ನಹಳ್ಳಿಯಲ್ಲಿ ಯುರೇನಿಯಂ ಬೇರ್ಪಡಿಸುವ ಘಟಕ ಇರುವ ಮೈಸೂರಿನವರೂ ಇದನ್ನೇ ಕೇಳುತ್ತಾರೆ ಅಂದರೆ ಏನು ಹೇಳಲಿ!

"ಸರ್, ಅದರ ಅರ್ಧಾಯುಷ್ಯ 450 ಕೋಟಿ ವರ್ಷ ಅಂತೆ!" ಅಂತ ಹೆದರಿಸುವವರು ಬೇರೆ. ಅರ್ಧಾಯುಷ್ಯ ಅಂದರೆ ವಿಕಿರಣ ಸೂಸುತ್ತಾ ಅರ್ಧ ಭಾಗ ಕರಗಲು ಹಿಡಿಯುವ ಕಾಲ. ಅದು ಹೆದರುವ ಮಾತಲ್ಲ, ಸಮಾಧಾನದ ಮಾತು. ಒಂದು ಗಂಟು ದುಡ್ಡನ್ನು 450 ಕೋಟಿ ವರ್ಷ ಕಳೆದರೂ ಅರ್ಧ ಮಾತ್ರ ಖಾಲಿ ಮಾಡುವವನು ದಿನಕ್ಕೆ ಎಷ್ಟು ಖರ್ಚು ಮಾಡಿಯಾನು? ಈ ಲೆಕ್ಕ ಹೇಳಿದರೆ ನನ್ನ ಕ್ಲಾಸಿನ ಕೊನೇ ಬೆಂಚಿಗೂ ಅರ್ಥವಾಗುತ್ತಿತ್ತು. ಇನ್ನು ಅದು ಉಗುಳುವುದು ಮುಖ್ಯವಾಗಿ ಆಲ್ಫಾ ಕಣಗಳನ್ನು. ಒಂದು ಹಾಳೆ ಕಾಗದ ಸಾಕು, ಅವು ಅಲ್ಲೇ ನಿಲ್ಲುತ್ತವೆ. ಚರ್ಮವನ್ನೂ ದಾಟುವುದಿಲ್ಲ. ವಿಕಿರಣ ಏನು ನೆಗಡಿಯಾ, ಒಬ್ಬರಿಂದ ಒಬ್ಬರಿಗೆ ಅಂಟೋದಕ್ಕೆ?

ಹಾಗಂತ ಯುರೇನಿಯಂ ಸಾಧು ಅಂತಲ್ಲ. ಅದು ಸೀಸದಂತೆ ಒಂದು ಭಾರ ಲೋಹ. ಮೈಯೊಳಗೆ ಜಾಸ್ತಿ ಹೋದರೆ ಮೊದಲು ಪೆಟ್ಟು ತಿನ್ನುವುದು ಕಿಡ್ನಿ. ಗುಂಡು ಬಡಿದಾಗ ಉರಿದು ಏಳುವ ಧೂಳನ್ನು ಉಸಿರಾಡಿದವರು, ಮೈಯಲ್ಲಿ ಚೂರು ಹೊಕ್ಕವರು, ಇವರ ಮೇಲೆ ಕಣ್ಣಿಡಬೇಕು. 1991ರಲ್ಲಿ ತಮ್ಮದೇ ಸೇನೆಯ ಗುಂಡು ತಗುಲಿದ ಅಮೆರಿಕದ ಸೈನಿಕರನ್ನು ಬಾಲ್ಟಿಮೋರ್‌ನಲ್ಲಿ ಎರಡು ವರ್ಷಕ್ಕೊಮ್ಮೆ ಪರೀಕ್ಷೆ ಮಾಡುತ್ತಾ ಬಂದಿದ್ದಾರೆ. ಚೂರು ಉಳಿದವರ ಮೂತ್ರದಲ್ಲಿ ಎಷ್ಟೋ ವರ್ಷದ ನಂತರವೂ ಯುರೇನಿಯಂ ಜಾಸ್ತಿ ಸಿಕ್ಕಿದೆ. ಆದರೂ ಕಿಡ್ನಿಗೆ ದೊಡ್ಡ ಹಾನಿ ಕಂಡಿಲ್ಲ. ಗುಂಪು ಚಿಕ್ಕದು, ಆದ್ದರಿಂದ ಇಷ್ಟಕ್ಕೇ ಎಲ್ಲ ತೀರ್ಮಾನ ಆಗುವುದಿಲ್ಲ, ಅದೂ ನಿಜ.

ಅಲ್ಲಿ ಮಾಡುವ ಮುಖ್ಯ ಟೆಸ್ಟ್ ಮೂತ್ರದ್ದು. 24 ಗಂಟೆಯ ಮೂತ್ರ ಹಿಡಿದು ಯುರೇನಿಯಂ ಅಳೆಯುತ್ತಾರೆ. ಸಾಮಾನ್ಯ ಯುರೇನಿಯಂನಲ್ಲಿ 235ರ ಪಾಲು ಶೇ. 0.72, ಗುಂಡಿನದ್ದರಲ್ಲಿ ಸುಮಾರು 0.2. ಹಾಗಾಗಿ ಯಾವುದು ಯುದ್ಧದ್ದು, ಯಾವುದು ಊಟ ನೀರಿನದ್ದು ಅಂತ ಗೊತ್ತಾಗುತ್ತದೆ. ನಿಮ್ಮ ಮಾವನವರ ಮೈಯಲ್ಲಿ ಚೂರಿಲ್ಲ, ಗುಂಡು ಬಡಿದಾಗಿನ ಧೂಳನ್ನೂ ಉಸಿರಾಡಿಲ್ಲ ಅಂದರೆ ಇಷ್ಟೆಲ್ಲ ಬೇಡ. ವರ್ಷಕ್ಕೊಮ್ಮೆ ರಕ್ತದ ಕ್ರಿಯಾಟಿನಿನ್ (ಕಿಡ್ನಿ ಹೇಗೆ ಕೆಲಸ ಮಾಡುತ್ತಿದೆ ಅಂತ ತೋರಿಸುವುದು), ಮೂತ್ರದ ಪ್ರೋಟೀನ್, ಶುಗರ್, ಬಿಪಿ ನೋಡಿಸಿ. ಆ ವಯಸ್ಸಿನವರ ಕಿಡ್ನಿ ಕೆಡಿಸುವುದು ಸಾಮಾನ್ಯವಾಗಿ ಶುಗರ್, ಬಿಪಿಯೇ.

ಊಟ ನೀರಿನದ್ದು ಅಂದೆನಲ್ಲ, ಯಾರೂ ಕೇಳದ ಪ್ರಶ್ನೆ ಅದು. ಕರಿಕಲ್ಲು, ಬಿಳಿಕಲ್ಲು ಬಂಡೆ ಸೀಳಿ ಬರುವ ಬೋರ್‌ವೆಲ್ ನೀರಿನಲ್ಲೂ ಯುರೇನಿಯಂ ಕರಗಿರಬಹುದು. ವಿಶ್ವ ಆರೋಗ್ಯ ಸಂಸ್ಥೆ ಹೇಳುವ ಮಿತಿ ಲೀಟರಿಗೆ 30 ಮೈಕ್ರೋಗ್ರಾಂ. ಕುದಿಸಿದರೆ ಹೋಗುವುದಿಲ್ಲ. ನೀರು ಆವಿಯಾಗುತ್ತದೆ, ಲೋಹ ಪಾತ್ರೆಯಲ್ಲೇ ಉಳಿಯುತ್ತದೆ. ಆರ್‌ಒ ಫಿಲ್ಟರ್ ಆದರೆ ಬಹುಪಾಲು ತೆಗೆಯುತ್ತದೆ. ನಿಮ್ಮ ಮನೆಗೆ ಬರುವುದು ಕಾವೇರಿ ನೀರೋ, ಬೋರ್‌ವೆಲ್ ನೀರೋ? ಅದನ್ನು ನೀವು ಬರೆದೇ ಇಲ್ಲ.